ಸಹನೆಯೂ ಶರೀರಧರ್ಮವೂ

ಗರ್ಭಕೋಶದ ಕೊರಳಿಗೆ ತಗಲುವ ಕ್ಯಾನ್ಸರು ಆ ಜಾತಿಯ ರೋಗಗಳಲ್ಲಿ ಬಹು ನಿಧಾನವಾಗಿ ನಡೆಯುವಂಥದು. ಅದಕ್ಕೆ ಮೂಲವಾದ ಎಚ್‌ಪಿವಿ ಎಂಬ ವೈರಾಣುವು ದೇಹವನ್ನು ಹೊಕ್ಕು, ಬಹುಮಂದಿಯಲ್ಲಿ ಒಂದೆರಡು ವರ್ಷಗಳೊಳಗೆ ತಾನಾಗಿಯೇ ಅಳಿದುಹೋಗಿ, ಅಳಿಯದೆ ಉಳಿದ ಕೆಲವರಲ್ಲಿ ಜೀವಕೋಶಗಳನ್ನು ಮೆಲ್ಲಮೆಲ್ಲನೆ ಕೆಡಿಸುತ್ತ ಬಂದು, ಕೊನೆಗೆ ರೋಗವೆಂದು ಹೆಸರಿಡಬಹುದಾದ ಸ್ಥಿತಿಯನ್ನು ಮುಟ್ಟುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುತ್ತವೆ. ಆಮೇಲೆ ಬೆಳೆಯುತ್ತ ಹೋದಂತೆ ಅದು ಮೌನವಾಗಿ ಇರುವುದಿಲ್ಲ: ಒಂದು ಮುಟ್ಟಿಗೂ ಇನ್ನೊಂದಕ್ಕೂ ನಡುವೆ ಕಾಣುವ ರಕ್ತ, ಗಂಡಹೆಂಡಿರ ಸಂಪರ್ಕದ ಬಳಿಕ ಕಾಣುವ ರಕ್ತ, ದುರ್ವಾಸನೆಯಿಂದ ಕೂಡಿದ ಬಿಳಿಸೆರಗು, ಬಿಡದ ಸೊಂಟನೋವು, ಹೀಗೆ ತನ್ನ ಇರವನ್ನು ತಾನೇ ಸೂಚಿಸುತ್ತದೆ. ಇಷ್ಟು ಅವಕಾಶವನ್ನು ಕೊಡುವ ಈ ಒಂದು ರೋಗ 2022ರಲ್ಲಿ ಭಾರತದ ಸುಮಾರು 1,27,000 ಸ್ತ್ರೀಯರಲ್ಲಿ ಹೊಸದಾಗಿ ಕಂಡುಬಂದಿತೆಂದೂ ಹೆಚ್ಚುಕಡಮೆ 80,000 ಮಂದಿ ಅದರಿಂದ ತೀರಿಕೊಂಡರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ರೋಗ ಕೊಟ್ಟ ಕಾಲವೆಲ್ಲ ಎಲ್ಲಿ ಕಳೆದುಹೋಯಿತೆಂಬ ಪ್ರಶ್ನೆ ವೈದ್ಯಶಾಸ್ತ್ರವೊಂದಕ್ಕೇ ಸೇರಿದ್ದಲ್ಲ.

ಅಜ್ಞಾನ, ಬಡತನ, ಆಸ್ಪತ್ರೆಯ ದೂರ ಎಂಬ ಮೂರು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಅವು ಸುಳ್ಳೂ ಅಲ್ಲ. ದಿನದ ಕೂಲಿಯನ್ನು ಬಿಟ್ಟು, ಎರಡು ಬಸ್ಸು ಬದಲಿಸಿ ಬಂದು, ಜಿಲ್ಲಾಸ್ಪತ್ರೆಯ ಚೀಟಿಯ ಸಾಲಿನಲ್ಲಿ ನಿಂತು, ಮಧ್ಯಾಹ್ನ ಒಂದು ಗಂಟೆಗೆ ‘ನಾಳೆ ಬಾ’ ಎನ್ನಿಸಿಕೊಂಡು ಹಿಂದಿರುಗುವ ಹೆಂಗಸಿನ ಮುಂದೆ ಧರ್ಮಜಿಜ್ಞಾಸೆಗೆ ತೊಡಗುವುದು ಕ್ರೌರ್ಯವೇ ಸರಿ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ಈ ರೋಗದ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದ ತೊಂಬತ್ತೆಂಟು ಮಂದಿಯೂ ಬಡವರಾಗಿರಲಾರರು, ಎಲ್ಲರೂ ನಿರಕ್ಷರರಾಗಿರಲಾರರು. ಮಗ ಇಂಜಿನಿಯರಾಗಿ, ಸೊಸೆ ಬ್ಯಾಂಕಿನಲ್ಲಿದ್ದು, ಎರಡು ಬೀದಿಯಾಚೆಗೇ ನರ್ಸಿಂಗ್ ಹೋಮಿರುವ ಮನೆಯಲ್ಲಿಯೂ ತಾಯಿ ವರ್ಷಾನುಗಟ್ಟಲೆ ಬಾಯಿ ಬಿಡದಿರುವುದುಂಟು. ಅಲ್ಲಿ ಆಕೆಯನ್ನು ತಡೆಯುತ್ತಿರುವುದು ಯಾವುದು?

ಆಕೆಯನ್ನೇ ಕೇಳಿದರೆ, ತಾನು ಉದಾಸೀನ ಮಾಡಿದೆನೆಂದು ಆಕೆ ಒಪ್ಪುವುದಿಲ್ಲ. ಮೊದಮೊದಲು ಅದು ‘ಉಷ್ಣ’ವಾಗಿತ್ತು, ರಾತ್ರಿ ಮೆಂತ್ಯ ನೆನೆಹಾಕಿ ಬೆಳಗ್ಗೆ ನುಂಗಿದಳು, ಜೀರಿಗೆ ಕಷಾಯ ಕುಡಿದಳು, ನೆತ್ತಿಗೆ ಹರಳೆಣ್ಣೆ ಇಟ್ಟುಕೊಂಡಳು. ಆಮೇಲೆ ಮಗಳ ಬಾಣಂತನ ಬಂತು, ಅದು ಮುಗಿಯಲೆಂದಳು. ಗೌರಿಹಬ್ಬ ಕಳೆಯಲೆಂದಳು, ಮೊಮ್ಮಗನ ಪರೀಕ್ಷೆ ಮುಗಿಯಲೆಂದಳು. ಹಳ್ಳಿಯವಳಾದರೆ ರಾಗಿಯ ಕೊಯ್ಲು ಮುಗಿಯಲೆಂದಳು. ಈ ಮುಂದೂಡಿಕೆಗಳಲ್ಲಿ ಒಂದೊಂದನ್ನೂ ಬಿಡಿಸಿ ನೋಡಿದರೆ, ಪ್ರತಿಯೊಂದರ ಒಳಗೂ ಇರುವುದು ಒಂದು ಕರ್ತವ್ಯವೇ ಹೊರತು ಸೋಮಾರಿತನವಲ್ಲ. ತನ್ನ ಮೈಯ ನೋವಿಗಿಂತ ಪರರ ಅಗತ್ಯ ಮೊದಲೆಂದು ಆಕೆ ನಂಬಿದ್ದಾಳೆ. ಹಾಗೆ ನಂಬಬೇಕೆಂದು ನಾವೇ ಆಕೆಗೆ ಕಲಿಸಿದ್ದೇವೆ. ನಂಬಿ ನಡೆದದ್ದಕ್ಕಾಗಿ ‘ಸಾಧ್ವಿ’ ಎಂದು ಹೊಗಳಿದ್ದೇವೆ. ಹೀಗಿರುವಾಗ ಆಕೆಗೆ ತಿಳಿವಳಿಕೆಯಿಲ್ಲವೆಂದು ಕರಪತ್ರ ಹಂಚುವವರು ರೋಗದ ಲಕ್ಷಣಗಳನ್ನು ಆಕೆಗೆ ಕಲಿಸಬಲ್ಲರೇ ವಿನಾ ಆಕೆಯ ಮನಸ್ಸನ್ನು ಕದಲಿಸಲಾರರು. ಧರ್ಮವೆಂದು ತಿಳಿದು ತಡಮಾಡುತ್ತಿರುವವಳೊಡನೆ ಧರ್ಮದ ಭೂಮಿಕೆಯಲ್ಲಿಯೇ ವಾದಿಸಬೇಕಾಗುತ್ತದೆ.

ಮಡಿಮೈಲಿಗೆಗಳು ಇನ್ನೂ ಉಸಿರಾಡುತ್ತಿರುವ ಮನೆಯೊಂದರ ಐವತ್ತೈದರ ಗೃಹಿಣಿಯೊಬ್ಬಳನ್ನು ಮನಸ್ಸಿಗೆ ತಂದುಕೊಳ್ಳೋಣ. ಮುಟ್ಟು ನಿಂತು ಮೂರು ನಾಲ್ಕು ವರ್ಷಗಳಾಗಿವೆ. ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಕಾಲ ಮುಗಿದು, ಆಕೆಗೆ ಮನೆಯಲ್ಲಿ ಹೊಸದೊಂದು ಪದವಿ ಪ್ರಾಪ್ತವಾಗಿದೆ: ಗಳುವಿನ ಮೇಲೆ ಕೋಲಿನಿಂದ ಹರವಿದ ಮಡಿಸೀರೆ ಈಗ ದಿನವೂ ಆಕೆಯದು, ಹುಣಿಸೆಹಣ್ಣು ಹಚ್ಚಿ ದೇವರ ಪಾತ್ರೆಗಳನ್ನು ಬೆಳಗುವವಳು ಆಕೆ, ಶ್ರಾದ್ಧದ ಅಡುಗೆಗೆ ‘ಅವರೇ ಬರಬೇಕು’ ಎಂದು ಬಂಧುಗಳು ಹೇಳಿ ಕಳುಹಿಸುವುದು ಆಕೆಗೆ, ಕಾಶಿಗೋ ತಿರುಪತಿಗೋ ಹೊರಡುವಾಗ ದಿನ ಎಣಿಸಬೇಕಾದ ಗೋಜು ಇಲ್ಲ. ಜೀವಮಾನವೆಲ್ಲ ದೇವರಮನೆಯ ಹೊಸಿಲಿನ ಲೆಕ್ಕದಲ್ಲಿ ಬದುಕಿದವಳಿಗೆ ಇದು ಸಣ್ಣ ಲಾಭವಲ್ಲ. ಇಂಥವಳು ಒಂದು ಬೆಳಗ್ಗೆ, ಹೂಬತ್ತಿ ಹೊಸೆಯುತ್ತ ಕುಳಿತವಳು ಎದ್ದು ಬಚ್ಚಲಿಗೆ ಹೋದಾಗ, ಒಳಲಂಗದ ಮೇಲೆ ಕಾಸಿನಗಲದ ಕೆಂಪು ಕಲೆಯನ್ನು ಕಾಣುತ್ತಾಳೆ. ಆಗ ಆಕೆಯ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ‘ಇದು ಯಾವ ರೋಗ?’ ಎಂಬುದಲ್ಲ, ‘ನಾನು ಈಗ ಮುಟ್ಟೇ? ಬತ್ತಿಯನ್ನು ದೇವರಿಗೆ ಇಡಬಹುದೇ?’ ಎಂಬುದು. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಮನೆಯವರ ಮುಖದಲ್ಲಿ ಮೂಡುವ ಅನುಮಾನವನ್ನೂ, ಕೈತಪ್ಪಿ ಹೋಗುವ ಪದವಿಯನ್ನೂ ಆಕೆ ಮುಂಗಾಣಬಲ್ಲಳು. ಆದುದರಿಂದ ಬಟ್ಟೆಯನ್ನು ಯಾರೂ ಏಳದ ಹೊತ್ತಿನಲ್ಲಿ ಒಗೆದು, ಹಿತ್ತಲಲ್ಲಿ ಬೇರೆ ಸೀರೆಯ ಮಡಿಕೆಯೊಳಗೆ ಒಣಗಿಸಿ, ಒಳಗೊಳಗೇ ದೇವರಲ್ಲಿ ತಪ್ಪೊಪ್ಪಿಕೊಂಡು, ಆಕೆ ಸುಮ್ಮನಾಗುತ್ತಾಳೆ. ವೈದ್ಯರ ಪ್ರಶ್ನೆ ಹುಟ್ಟಬೇಕಾದಲ್ಲಿ ಪಾಪಪುಣ್ಯದ ಪ್ರಶ್ನೆ ಹುಟ್ಟಿ, ರೋಗಕ್ಕೆ ಇನ್ನೊಂದು ವರ್ಷದ ಆಯುಸ್ಸು ದೊರೆಯುತ್ತದೆ.

ಆಕೆಯ ಭಯ ಆಕಾಶದಿಂದ ಇಳಿದದ್ದಲ್ಲ. ಗಣೇಶನ ಚೌತಿಯ ಮರುದಿನ ಬರುವ ಋಷಿಪಂಚಮಿಯ ವ್ರತವು ಮುಟ್ಟಿನ ಕಾಲದಲ್ಲಿ ತಿಳಿದೋ ತಿಳಿಯದೆಯೋ ಆದ ಸ್ಪರ್ಶದೋಷದ ಪರಿಹಾರಕ್ಕಾಗಿ ಏರ್ಪಟ್ಟದ್ದು. ಆ ದೋಷದಿಂದ ಹೆಂಗಸೊಬ್ಬಳು ಮರುಜನ್ಮದಲ್ಲಿ ನಾಯಿಯಾಗಿ ಹುಟ್ಟಿದ ಕಥೆಯನ್ನು ವ್ರತದ ಕೊನೆಯಲ್ಲಿ ಓದಿ ಹೇಳುವುದು ವಾಡಿಕೆ. ಇನ್ನೂ ಹಿಂದಕ್ಕೆ ಹೋದರೆ ತೈತ್ತಿರೀಯ ಸಂಹಿತೆಯಲ್ಲಿ ಇಂದ್ರನು ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಗೆ ಗುರಿಯಾಗಿ, ಆ ದೋಷವನ್ನು ಭೂಮಿಗೂ ಮರಗಳಿಗೂ ಸ್ತ್ರೀಯರಿಗೂ ಹಂಚಿಕೊಟ್ಟನೆಂಬ ಆಖ್ಯಾನ ಬರುತ್ತದೆ. ಅದೇ ಆಖ್ಯಾನದಲ್ಲಿ, ಪರರ ಪಾಪದ ಪಾಲನ್ನು ಹೊತ್ತದ್ದಕ್ಕಾಗಿ ಆ ಮೂವರೂ ಒಂದೊಂದು ವರವನ್ನು ಪಡೆದರೆಂದೂ, ಸ್ತ್ರೀಯರಿಗೆ ದೊರೆತದ್ದು ಋತುವಿನಿಂದ ಸಂತಾನವನ್ನು ಪಡೆಯುವ ವರವೆಂದೂ ಹೇಳಿದೆ. ದೋಷವನ್ನು ನೆನಪಿಟ್ಟುಕೊಂಡು ವರವನ್ನು ಮರೆತ ನಮ್ಮ ಸಂಪ್ರದಾಯದ ಜಾಣತನವನ್ನು ಏನೆನ್ನಬೇಕೋ ತಿಳಿಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟಗಳೆಂಬ ಐದು ಸೂತಕಗಳನ್ನೂ ಒಮ್ಮೆಗೇ ನಿರಾಕರಿಸಿದರು. ಲಿಂಗವು ಎದೆಯ ಮೇಲಿರುವ ಹೆಣ್ಣಿಗೆ ರಜಸ್ಸಿನಿಂದ ಮೈಲಿಗೆಯಿಲ್ಲವೆಂದರು. ಆದರೂ ಅವರ ಅನುಯಾಯಿಗಳೆನ್ನುವ ಎಷ್ಟೋ ಮನೆಗಳಲ್ಲಿ ಸೂತಕವು ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದಿದೆಯೆಂಬುದನ್ನು ನೋಡಿದರೆ, ತತ್ತ್ವವನ್ನು ಗೆಲ್ಲುವುದಕ್ಕಿಂತ ಅಭ್ಯಾಸವನ್ನು ಗೆಲ್ಲುವುದು ಕಠಿನವೆಂದು ತೋರುತ್ತದೆ.

ಶರಣರ ಮಾರ್ಗ ತನ್ನದಲ್ಲವೆನ್ನುವವಳಿಗೂ ಒಂದು ಮಾತುಂಟು. ವಿಜಯನಗರದ ಮಾಧವಾಚಾರ್ಯರು ಯಾವ ಗ್ರಂಥಕ್ಕೆ ‘ಪರಾಶರ ಮಾಧವೀಯ’ವೆಂಬ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದರೋ ಆ ಪರಾಶರ ಸ್ಮೃತಿಯಲ್ಲಿಯೇ, ರೋಗದಿಂದಾಗಿ ದಿನದಿನವೂ ಸ್ರವಿಸುವ ರಕ್ತದಿಂದ ಸ್ತ್ರೀಯು ಅಶುಚಿಯಾಗಳೆಂಬ ಅಭಿಪ್ರಾಯ ಸ್ಪಷ್ಟವಾಗಿದೆ. ಅಂದರೆ ಋತುವಿನ ರಕ್ತ ಬೇರೆ, ವ್ಯಾಧಿಯ ರಕ್ತ ಬೇರೆ ಎಂಬ ವಿವೇಕ ಶಾಸ್ತ್ರಕಾರರಿಗೆ ಇತ್ತು. ಮಡಿಯ ವಿಷಯದಲ್ಲಿ ಮನೆಯ ಹೆಂಗಸರಿಗೆ ನೂರು ನಿಯಮಗಳನ್ನು ಕಲಿಸಿದವರು, ಅವರ ಜೀವವನ್ನು ಉಳಿಸಬಹುದಾಗಿದ್ದ ಈ ಒಂದನ್ನು ಕಲಿಸಲಿಲ್ಲ. ನನಗೆ ಇದು ಮರೆವೆಂದು ತೋರುವುದಿಲ್ಲ. ತಮಗೆ ಸಂಬಂಧಿಸದ ವಿಷಯದಲ್ಲಿ ಗಂಡಸರಿಗಿದ್ದ ನಿಶ್ಚಿಂತೆಯೆಂದು ತೋರುತ್ತದೆ.

ಇನ್ನು ಹಣೆಬರಹ. ‘ಬರೆದದ್ದು ತಪ್ಪದು’ ಎಂದು ಆಕೆ ನಿಟ್ಟುಸಿರಿಟ್ಟಾಗ, ಕರ್ಮಸಿದ್ಧಾಂತವನ್ನು ಮೂಢನಂಬಿಕೆಯೆಂದು ಹಳಿದು ಪ್ರಯೋಜನವಿಲ್ಲ. ಆ ಸಿದ್ಧಾಂತವನ್ನು ಒಪ್ಪಿಯೂ ಔಷಧವನ್ನು ಸಮರ್ಥಿಸಿದವರ ಕಡೆಗೆ ಕೈತೋರಿಸುವುದೇ ಮೇಲು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶನು ಆಯುಸ್ಸು ನಿಯತವೋ ಅನಿಯತವೋ ಎಂದು ನೇರವಾಗಿಯೇ ಗುರುವನ್ನು ಕೇಳುತ್ತಾನೆ. ಆತ್ರೇಯನು ಕೊಡುವ ಉತ್ತರದ ಸಾರವಿಷ್ಟು: ಆಯುಸ್ಸು ದೈವವನ್ನೂ ಪುರುಷಕಾರವನ್ನೂ ಎರಡನ್ನೂ ಅವಲಂಬಿಸಿದೆ, ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಮಂತ್ರಕ್ಕೂ ಔಷಧಕ್ಕೂ ಪಥ್ಯಕ್ಕೂ ಅರ್ಥವೇ ಇರುತ್ತಿರಲಿಲ್ಲ. ಹಿಂದಣ ಕರ್ಮದಿಂದ ರೋಗ ಬಂದಿತೆಂದೇ ಇಟ್ಟುಕೊಂಡರೂ, ಆಸ್ಪತ್ರೆಗೆ ನಡೆದುಹೋಗುವುದು ಇಂದಿನ ಕರ್ಮ. ಅದು ಮಾತ್ರ ಫಲ ಕೊಡದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅದೇ ಗ್ರಂಥವು ಮನುಷ್ಯನು ಅರಸತಕ್ಕ ಮೂರು ವಸ್ತುಗಳನ್ನು ಹೇಳುವಲ್ಲಿ ಪ್ರಾಣವನ್ನು ಮೊದಲಿಟ್ಟು, ಧನವನ್ನು ಎರಡನೆಯದಾಗಿಸಿ, ಪರಲೋಕವನ್ನು ಕೊನೆಗೆ ಇರಿಸಿದೆ; ಪ್ರಾಣ ಹೋದರೆ ಉಳಿದುವೆಲ್ಲ ಹೋದಂತೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಗರ್ಭಾಶಯ ಯೋನಿಗಳ ವ್ಯಾಧಿಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ ಚಿಕಿತ್ಸಾಸ್ಥಾನದಲ್ಲಿ ಒಂದು ದೀರ್ಘ ಅಧ್ಯಾಯದ ಬಹುಭಾಗವನ್ನು ಅವಕ್ಕೆ ಮೀಸಲಿಟ್ಟ ಆ ಮಹನೀಯರು ನಾಚಿಕೆಯನ್ನು ಬಾಗಿಲಾಚೆಗೇ ಬಿಟ್ಟು ಬರೆದಿದ್ದಾರೆ.

ಆದರೆ ಲಜ್ಜೆಗಿಂತಲೂ ವಿಧಿಗಿಂತಲೂ ಬಲವಾಗಿ ಆಕೆಯನ್ನು ಕಟ್ಟಿಹಾಕಿರುವುದು ಸಹನೆ. ಇದು ನಿಜವಾಗಿಯೂ ದೊಡ್ಡ ಗುಣವಾದುದರಿಂದಲೇ ಇದರ ವಿಚಾರ ಕಷ್ಟವಾದದ್ದು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಶೀತೋಷ್ಣ ಸುಖದುಃಖಗಳನ್ನು ಸಹಿಸಿಕೊಳ್ಳೆಂದು ಕೃಷ್ಣನು ಅರ್ಜುನನಿಗೆ ಹೇಳಿದಾಗ, ಅವು ಬಂದುಹೋಗತಕ್ಕವು, ಅನಿತ್ಯವಾದುವು ಎಂಬ ಕಾರಣವನ್ನೂ ಜೊತೆಗೇ ಹೇಳಿದನು. ಬಂದುಹೋಗತಕ್ಕದ್ದನ್ನು ಸಹಿಸಬಹುದು; ಬಂದು, ನೆಲೆನಿಂತು, ಬೆಳೆದು, ಪಕ್ಕದ ಮೂತ್ರಕೋಶಕ್ಕೂ ಕರುಳಿಗೂ ಬೇರುಬಿಡುವ ಗಂತಿಯನ್ನು ಆ ವಾಕ್ಯದ ಆಶ್ರಯಕ್ಕೆ ತರುವುದು ವಾಕ್ಯಕ್ಕೂ ಅನ್ಯಾಯ, ದೇಹಕ್ಕೂ ಅನ್ಯಾಯ. ಶಂಕರರ ಹೆಸರಿನಲ್ಲಿ ಪ್ರಸಿದ್ಧವಾದ ವಿವೇಕಚೂಡಾಮಣಿಯಲ್ಲಿ ತಿತಿಕ್ಷೆಯ ಲಕ್ಷಣ ಇನ್ನೂ ಕಠೋರವಾಗಿದೆ: ಪ್ರತೀಕಾರವನ್ನು ಮಾಡಿಕೊಳ್ಳದೆ, ಚಿಂತೆಯೂ ವಿಲಾಪವೂ ಇಲ್ಲದೆ, ಎಲ್ಲ ದುಃಖಗಳನ್ನೂ ಸಹಿಸುವುದೇ ತಿತಿಕ್ಷೆ. ಮೇಲುನೋಟಕ್ಕೆ ಇದು ನಮ್ಮ ಗೃಹಿಣಿಯನ್ನು ಸಮರ್ಥಿಸುವಂತಿದೆಯಲ್ಲವೆ? ಹಾಗಿಲ್ಲ. ಮೊದಲನೆಯದಾಗಿ ಅದು ಮೋಕ್ಷವನ್ನು ಬಯಸಿ, ಎಲ್ಲವನ್ನೂ ಬಿಡಲು ತಾನಾಗಿಯೇ ಹೊರಟ ಸಾಧಕನಿಗೆ ಹೇಳಿದ ಲಕ್ಷಣ. ಔಷಧಕ್ಕೆ ಹೋಗಬಲ್ಲವನಾಗಿದ್ದೂ ಹೋಗದವನ ಗುಣ. ಹೋಗುವುದಕ್ಕೆ ಕೈಯಲ್ಲಿ ದುಡ್ಡಿಲ್ಲದೆ, ಜೊತೆಗೆ ಬರುವವರಿಲ್ಲದೆ, ಕೇಳುವುದಕ್ಕೆ ಬಾಯಿಯೇ ಇಲ್ಲದೆ ಉಳಿದುಹೋದವಳ ಸ್ಥಿತಿಗೆ ಆ ಹೆಸರು ಸಲ್ಲದು. ಬಾಗಿಲು ಮುಚ್ಚಿದ ಮನೆಯಲ್ಲಿ ಕುಳಿತವಳನ್ನು ಯಾರೂ ಏಕಾಂತವಾಸದ ವ್ರತಸ್ಥೆಯೆನ್ನುವುದಿಲ್ಲ. ಎರಡನೆಯದಾಗಿ, ಚಿಂತೆಯಿಲ್ಲದೆ ಎಂಬ ಮಾತನ್ನು ಗಮನಿಸಬೇಕು. ನಡುರಾತ್ರಿ ಎಚ್ಚರಗೊಂಡು, ಪಕ್ಕದಲ್ಲಿ ಮಲಗಿದವರಿಗೆ ತಿಳಿಯದಂತೆ ಹೊಟ್ಟೆಯನ್ನು ಒತ್ತಿ ನೋಡಿಕೊಂಡು, ಮಕ್ಕಳ ಮುಖಗಳನ್ನು ಒಂದೊಂದಾಗಿ ನೆನೆಯುವವಳು ವಿಲಪಿಸದೆ ಇರಬಹುದು, ಚಿಂತಿಸದೆ ಇಲ್ಲ. ಶಾಸ್ತ್ರದ ಒರೆಗಲ್ಲಿಗೇ ಹಚ್ಚಿದರೂ ಅದು ತಿತಿಕ್ಷೆಯಾಗದು. ಬರಿಯ ಭಯವೇ ಮೌನದ ವೇಷ ತೊಟ್ಟಿದೆ.

ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗವನ್ನು ಇಲ್ಲಿ ನೆನೆಯಬೇಕು. ದೇಹವೇ ಧರ್ಮಕ್ಕೆ ಮೊದಲ ಸಾಧನವೆಂಬ ಅಲ್ಲಿನ ಮಾತು ವ್ಯಾಯಾಮಶಾಲೆಗಳ ಗೋಡೆಯ ಮೇಲೂ ಔಷಧದಂಗಡಿಗಳ ಹಲಗೆಯ ಮೇಲೂ ಬರೆಯಲ್ಪಟ್ಟು ಸವೆದುಹೋಗಿದೆ. ಆದರೆ ಅದನ್ನು ಯಾರು ಯಾರಿಗೆ ಹೇಳಿದರೆಂಬುದನ್ನು ಬಹುಮಂದಿ ಮರೆತಿದ್ದಾರೆ. ಗ್ರೀಷ್ಮದಲ್ಲಿ ಪಂಚಾಗ್ನಿಯ ನಡುವೆ ನಿಂತು, ಹೇಮಂತದಲ್ಲಿ ನೀರಿನೊಳಗೆ ರಾತ್ರಿಗಳನ್ನು ಕಳೆದು, ಉದುರಿದ ಎಲೆಯನ್ನು ಕೂಡ ಬಿಟ್ಟ ಪಾರ್ವತಿಯ ಬಳಿಗೆ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಆ ಮಾತನ್ನು ಅವಳಿಗೆ ಹೇಳುತ್ತಾನೆ. ಹೇಳುವುದಕ್ಕೆ ಮುಂಚೆ, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯಷ್ಟೆ ಎಂದು ಕೇಳುತ್ತಾನೆ. ತಾಳುತ್ತಿರುವ ಹೆಣ್ಣೊಬ್ಬಳನ್ನು ನೋಡಿ, ಅವಳ ತಾಳ್ಮೆಯನ್ನು ಹೊಗಳಿ ಮುಂದೆ ಹೋಗದೆ, ನಿಂತು, ಮೈ ಹೇಗಿದೆಯೆಂದು ವಿಚಾರಿಸುವುದು ಮಹೇಶ್ವರನಿಗೆ ಹೊಂದುವ ಕೆಲಸವಾದರೆ, ಅದು ನಮ್ಮ ಘನತೆಗೆ ಕುಂದೆಂದು ಮನೆಯ ಯಜಮಾನರು ಭಾವಿಸಬೇಕಾದ್ದಿಲ್ಲ.

ಕೇಳುವವರಿದ್ದಲ್ಲಿ ಹೆಂಗಸರು ಹೋಗುತ್ತಾರೆ ಎಂಬುದಕ್ಕೆ ಪ್ರಮಾಣಗಳುಂಟು. ಸಂಸಾರಗಳಲ್ಲಿ ಸಾಮಾನ್ಯವಾಗಿ ಹೆಂಗಸು ವೈದ್ಯರಲ್ಲಿಗೆ ಹೊರಡುವುದು ನೋವು ತಡೆಯಲಾರದೆ ಅಲ್ಲ. ನೋವಿನಿಂದ ಕೆಲಸ ನಿಂತುಹೋದಾಗ. ಕೊಡ ಎತ್ತಲಾರದಾದಾಗ, ಒಲೆಯ ಮುಂದೆ ನಿಲ್ಲಲಾರದಾದಾಗ, ಆಗ ಅವಳ ರೋಗಕ್ಕೆ ಮನೆಯ ಮನ್ನಣೆ ದೊರೆಯುತ್ತದೆ. ಇಲ್ಲವೆ ನೆರೆಮನೆಯಾಕೆ ಅದೇ ರೋಗದಿಂದ ತೀರಿಕೊಂಡಾಗ. ಇಲ್ಲವೆ ರಜಕ್ಕೆ ಬಂದ ಮಗಳು ಬಚ್ಚಲಿನ ಬಟ್ಟೆಯನ್ನು ಕಂಡು, ‘ಅಮ್ಮ, ಇದೇನು? ಎಷ್ಟು ದಿನದಿಂದ?’ ಎಂದು ಹಿಡಿದು ಕೇಳಿದಾಗ. ಇಲ್ಲವೆ ಊರಿನ ಆಶಾ ಕಾರ್ಯಕರ್ತೆ, ‘ನಾನೂ ಬರ್ತೀನಿ ಅಕ್ಕ, ನಡೀರಿ’ ಎಂದು ಜೊತೆಗೆ ಹೊರಟಾಗ. ನಮ್ಮ ಗಡಿಗೆ ಹತ್ತಿರದ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎನ್ನಿಸಿಕೊಂಡಿದ್ದ ಜಿಲ್ಲೆಯ ಹಳ್ಳಿಗಳಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡು ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರೆದಾಗ ಬಹುಪಾಲು ಹಳ್ಳಿಯ ಹೆಂಗಸರು ಬಂದರು. ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಅರ್ಧದಷ್ಟಕ್ಕೆ ಇಳಿಯಿತು.

ವೈದ್ಯರ ಪಾಲನ್ನೂ ಮುಚ್ಚಿಡಬಾರದು. ಪುರುಷ ವೈದ್ಯನ ಮುಂದೆ ಮೈತೋರಿಸಲಾರದ ಸ್ತ್ರೀಯರಿಗಾಗಿ 1885ರಲ್ಲಿಯೇ ಡಫರಿನ್ ನಿಧಿ ಏರ್ಪಟ್ಟಿತು. ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಸ್ತ್ರೀವೈದ್ಯರು ಬಂದರು; ಆದರೂ ಪರದೆಯಿಲ್ಲದ ಮೇಜು, ಬಾಗಿಲು ತೆರೆದು ತೆರೆದು ಬರುವ ಆಯಾ, ‘ಈ ವಯಸ್ಸಿನಲ್ಲಿ ಇದೆಲ್ಲ ಆಗುತ್ತೆ’ ಎಂದು ಪರೀಕ್ಷಿಸದೆಯೇ ಬರೆದುಕೊಟ್ಟ ಮಾತ್ರೆಯ ಚೀಟಿ, ಇವು ಹೋಗಿಲ್ಲ. ಹೋದರೆ ‘ಗರ್ಭಕೋಶ ತೆಗೆಸಿಬಿಡು’ ಎನ್ನುತ್ತಾರೆಂಬ ಭಯವೂ ಕೇವಲ ಭ್ರಮೆಯಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಿಗೆ ಚಿಕ್ಕ ವಯಸ್ಸಿನಲ್ಲಿಯೇ ಅನಾವಶ್ಯಕವಾಗಿ ಆ ಶಸ್ತ್ರಕ್ರಿಯೆ ನಡೆದ ವಾರ್ತೆಯನ್ನು 2019ರಲ್ಲಿ ದೇಶವೆಲ್ಲ ಓದಿತು. ಅಂಡಾಶಯದ ಕ್ಯಾನ್ಸರಂತೂ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರ, ಇಂಥ ಅಜೀರ್ಣದ ವೇಷದಲ್ಲಿಯೇ ಬರುವುದರಿಂದ, ಅಲ್ಲಿ ಆದ ತಡಕ್ಕೆಲ್ಲ ಹೆಂಗಸನ್ನು ಹೊಣೆಮಾಡುವುದು ತಪ್ಪು.

ಕೇಂದ್ರ ಸರ್ಕಾರದ 2016ರ ಕಾರ್ಯಸೂಚಿಯ ಪ್ರಕಾರ 30ರಿಂದ 65 ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿನ ತಪಾಸಣೆ ಆಗಬೇಕು. ಅಸಿಟಿಕ್ ಆಮ್ಲವನ್ನು ಸವರಿ ನೋಡುವ ಆ ಪರೀಕ್ಷೆ ಕೆಲವೇ ನಿಮಿಷಗಳದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಕಲೆ ಕಂಡರೂ ವೈದ್ಯರಿಗೆ ತೋರಿಸಬೇಕು. ಹಾಗೆ ತೋರಿಸಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರು ಇರುವುದೇ ಇಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರು ಇದ್ದವರಲ್ಲಿ ಮಾತ್ರ ಹತ್ತಕ್ಕೆ ಒಂಬತ್ತು ಮಂದಿ ಅಂಥ ರಕ್ತಸ್ರಾವವನ್ನು ಕಂಡವರೇ, ಮತ್ತು ಬೇಗ ತಿಳಿದರೆ ಅವರಲ್ಲಿ ಬಹುಮಂದಿ ಗುಣಹೊಂದುತ್ತಾರೆ. ಋಷಿಪಂಚಮಿಯ ಕಥೆಯನ್ನು ಓದುವ ಪುರೋಹಿತರಲ್ಲಿಯೂ, ಹೆಂಗಸರ ಭಜನಾಮಂಡಲಿಗಳಲ್ಲಿ ಪ್ರವಚನ ಮಾಡುವ ಮಠಾಧಿಪತಿಗಳಲ್ಲಿಯೂ ನನ್ನ ಬಿನ್ನಹವಿಷ್ಟು: ಕಥೆ ಮುಗಿದ ಮೇಲೆ ಮಂಗಳಾರತಿಗೆ ಮುಂಚೆ, ವ್ಯಾಧಿಯ ರಕ್ತಕ್ಕೆ ಮೈಲಿಗೆಯಿಲ್ಲವೆಂಬ ಪರಾಶರರ ಮಾತನ್ನೂ ವೈದ್ಯರ ಈ ಮಾತನ್ನೂ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿರಿ. ನಮ್ಮ ಕರಪತ್ರಗಳನ್ನು ನಂಬದವರು ನಿಮ್ಮನ್ನು ನಂಬುತ್ತಾರೆ.